ಎರಡನೆಯವನ ತಪಾಸಣೆ

ಕಳೆದ ಸೋಮವಾರ ಬೀದರ್ ವಿಮಾನ ನಿಲ್ದಾಣದಲ್ಲಿ ಕೇಳಿದ ಮಾತೊಂದು ಇನ್ನೂ ತಲೆಯಲ್ಲಿ ಸುತ್ತುತ್ತಿದೆ. ನಮ್ಮ ವಿಮಾನ ಬೆಂಗಳೂರಿನಿಂದಲೇ ಹೊರಟಿರಲಿಲ್ಲ. ‘ತಾಂತ್ರಿಕ ಕಾರಣ’ ಎಂದಷ್ಟೇ ಹೇಳಿದ್ದರು. ಒತ್ತಾಯಿಸಿ ಕೇಳಿದ ಮೇಲೆ, ವಿಮಾನವನ್ನು ಎಡಕ್ಕೋ ಬಲಕ್ಕೋ ವಾಲಿಸುವ ರೆಕ್ಕೆಯಂಚಿನ ಹಲಗೆಗೆ, ಅಂದರೆ ಐಲೆರಾನ್‌ಗೆ ಸಂಬಂಧಿಸಿದ ಭಾಗವೊಂದನ್ನು ಬದಲಿಸಿದ್ದಾರೆ, ಅದರ ಕಡ್ಡಾಯ ಎರಡನೇ ತಪಾಸಣೆ ನಡೆಯುತ್ತಿದೆ ಎಂದು ತಿಳಿಯಿತು.

“ಒಂದ್ಸಲ ನೋಡ್ಯಾರಂತಲ್ರೀ, ಮತ್ತ ಯಾಕ ನೋಡ್ಲಾಕತ್ಯಾರ?” ಎಂದು ಪಕ್ಕದಲ್ಲಿದ್ದ ತೊಗರಿ ವ್ಯಾಪಾರಿ ರೇಗಿದರು. ವಾಯುಪಡೆಯಲ್ಲಿ ಫಿಟರ್ ಆಗಿದ್ದು ನಿವೃತ್ತರಾದ ಹಿರಿಯರೊಬ್ಬರು ಶಾಂತವಾಗಿಯೇ ಉತ್ತರಿಸಿದರು: “ಮಾಡಿದಂವ ತಾ ಏನ್ ಮಾಡೀನಿ ಅಂತ ನೋಡ್ತಾನ್ರೀ ಸಾವ್ಕಾರ್ರ, ಎರಡನೇದಂವ ಏನಾಗ್ಯದ ಅಂತ ನೋಡ್ತಾನ.”

ಅಷ್ಟಕ್ಕೇ ಬಿಡದೆ, ಬ್ಯಾಗಿನ ಚೀಟಿಯ ದಾರ ಬಿಚ್ಚಿ ನೀರಿನ ಬಾಟಲಿಯ ಮುಚ್ಚಳಕ್ಕೆ ಸುತ್ತಿ ತೋರಿಸಿದರು. ಬೋಲ್ಟ್ ಸಡಿಲಗೊಳ್ಳದಂತೆ ಹೆಣೆಯುವ ಲಾಕ್ ವೈರ್ ಅದನ್ನು ಬಿಗಿಯಾಗುವ ದಿಕ್ಕಿಗೇ ಎಳೆಯುವಂತಿರಬೇಕು. ತಿರುವುಮುರುವಾಗಿ ಕಟ್ಟಿದರೂ ತಂತಿ ಕಣ್ಣಿಗೆ ಅಚ್ಚುಕಟ್ಟಾಗಿಯೇ ಕಾಣುತ್ತದೆ, ಆದರೆ ಬೋಲ್ಟ್ ಬಿಚ್ಚಿಕೊಳ್ಳುವುದನ್ನು ತಡೆಯುವುದಿಲ್ಲ. ಕಟ್ಟಿದವನ ಕಣ್ಣಿಗೆ ಅದು ಸರಿಯೇ.

2018ರ ನವೆಂಬರ್ 11ರಂದು ಪೋರ್ಚುಗಲ್‌ನಲ್ಲಿ ರಿಪೇರಿ ಮುಗಿಸಿ ಹೊರಟ, ಕಜಕಸ್ತಾನದ ಏರ್ ಅಸ್ತಾನಾ ಸಂಸ್ಥೆಯ ಎಂಬ್ರೇಯರ್ 190 ವಿಮಾನಕ್ಕೆ ಆದದ್ದು ಇಂಥದ್ದೇ. ಐಲೆರಾನ್ ಕೇಬಲ್‌ಗಳನ್ನು ತಪ್ಪಾಗಿ ಜೋಡಿಸಿದ್ದರಿಂದ ಪೈಲಟ್ ಒಂದು ಕಡೆ ತಿರುಗಿಸಿದರೆ ವಿಮಾನ ಇನ್ನೊಂದು ಕಡೆ ವಾಲುತ್ತಿತ್ತು, ಮತ್ತು ಯಾವ ಪರೀಕ್ಷೆಯೂ ಅದನ್ನು ನೆಲದ ಮೇಲೆ ಹಿಡಿದಿರಲಿಲ್ಲ. ಪ್ರಾಣ ಕೈಯಲ್ಲಿ ಹಿಡಿದು ಹಾರಿದ, ಅದರಲ್ಲಿದ್ದ 6 ಜನ ಕೊನೆಗೆ ಬೇಜಾ ವಾಯುನೆಲೆಯಲ್ಲಿ ಇಳಿದು ಬದುಕಿಕೊಂಡರು.

ಹಿರಿಯರ ಮಾತು ನನಗೆ ವಿಮಾನಕ್ಕಿಂತ ನಮ್ಮ ಕಚೇರಿಗಳನ್ನೇ ಹೆಚ್ಚು ನೆನಪಿಸಿತು. ನಮ್ಮಲ್ಲೂ ಎರಡನೇ ಸಹಿಗೆ ಜಾಗವಿದೆ. ಮೊದಲ ಸಹಿ ಬಿದ್ದಿದೆಯೇ ಎಂದಷ್ಟೇ ನೋಡಿ ಅದನ್ನು ಹಾಕುತ್ತಾರೆ, ರಸ್ತೆಯನ್ನಾಗಲಿ ಚರಂಡಿಯನ್ನಾಗಲಿ ಯಾರೂ ಹೋಗಿ ನೋಡುವುದಿಲ್ಲ. ಮರುಪರೀಕ್ಷೆ ಕೇಳಿದರೆ, “ನಮ್ಮ ಮ್ಯಾಲ ನಂಬಿಕೆ ಇಲ್ಲೇನ್ರೀ?” ಎಂದು ಮುಖ ಊದಿಸುವವರೇ ಹೆಚ್ಚು. ವಿಮಾನದ ಕೆಲಸದಲ್ಲಿ ಮಾತ್ರ, ನಿಯಂತ್ರಣ ಭಾಗಗಳನ್ನು ಮುಟ್ಟಿದ ಮೇಲೆ ಇನ್ನೊಬ್ಬ ಅರ್ಹ ವ್ಯಕ್ತಿ ಸ್ವತಂತ್ರವಾಗಿ ಪರಿಶೀಲಿಸಿ ಸಹಿ ಹಾಕುವವರೆಗೆ ವಿಮಾನ ಹೊರಡುವಂತಿಲ್ಲ. ಮೊದಲನೆಯವನು ಎಂಥ ನುರಿತವನಾಗಿದ್ದರೂ ಅಷ್ಟೇ.

ವಿಮಾನ ಸಂಸ್ಥೆಯವರು ಇಷ್ಟನ್ನು ಕನ್ನಡದಲ್ಲಿ ಎರಡು ಮಾತಿನಲ್ಲಿ ಹೇಳಿದ್ದರೆ ನಿಲ್ದಾಣದಲ್ಲಿ ಅರ್ಧ ಕೂಗಾಟ ತಪ್ಪುತ್ತಿತ್ತು. ವ್ಯಾಪಾರಿಯಂತೂ ಪೂರ್ತಿ ತಣ್ಣಗಾದರು. ಬಾಟಲಿಯನ್ನು ತಿರುಗಿಸಿ ನೋಡುತ್ತ, “ಹಂಗಾದ್ರ ಆ ಎರಡನೇದಂವಗ ಪಗಾರ ಎಷ್ಟ್ ಇರ್ತದ್ರೀ?” ಎಂದು ಕೇಳಿದರು.