ಭಾನುವಾರ ರೊಟ್ಟಿ ಬಡಿಯಬಾರದ ಊರು

ಗವಿಮಠದ ಜಾತ್ರೆ ಹತ್ತಿರ ಬಂತು ಅಂದರೆ ನಮ್ಮ ಓಣಿಯಲ್ಲಿ ಬೆಳಗಿನಿಂದ ಪಟಪಟ ಪಟಪಟ ಅಂತ ಒಂದೇ ಸಪ್ಪಳ. ಕೊಪ್ಪಳದ ದಾಸೋಹಕ್ಕೆ ಊರೂರಿನಿಂದ ಜೋಳದ ರೊಟ್ಟಿ ಹೋಗುತ್ತವಲ್ಲ, ಮನೆಮನೆಯಲ್ಲಿ ಬಡಿದು, ಒಣಗಿಸಿ, ಟ್ರ್ಯಾಕ್ಟರಿಗೆ ಹೇರಿ ಕಳಿಸುತ್ತಾರೆ. ಈ ಸಲ ರಜೆ ಹಾಕಿ ಬಂದಿದ್ದೆ. ಒಲೆ ಮುಂದೆ ಅವ್ವ, ದೊಡ್ಡವ್ವ, ಪಕ್ಕದ ಮನೆ ಅತ್ತಿ ಮೂವರೂ ಕೂತಿದ್ದರು. ಆ ಸಪ್ಪಳ ಕಿವಿಗೆ ಬಿದ್ದಿದ್ದೇ ತಡ, ನನಗೆ ಸ್ಟುಟ್‌ಗಾರ್ಟಿನ ನಮ್ಮ ಕೆಳಗಿನ ಮನೆ ಅಜ್ಜಿ ನೆನಪಾದರು.

ಆಗ ನಾನು ಜರ್ಮನಿಗೆ ಹೋದ ಹೊಸತು. ಒಂದು ಭಾನುವಾರ ಮಧ್ಯಾಹ್ನ ರೊಟ್ಟಿ ತಿನ್ನಲೇಬೇಕು ಅನ್ನಿಸಿಬಿಟ್ಟಿತು. ಅವ್ವ ಕಟ್ಟಿಕೊಟ್ಟ ಹಿಟ್ಟು ಇತ್ತು. ಎಸರಿಟ್ಟು, ಹಿಟ್ಟು ನಾದಿ, ಅಡುಗೆ ಕಟ್ಟೆಯ ಮೇಲೆ ಬಡಿಯತೊಡಗಿದೆ. ಮೂರನೇ ರೊಟ್ಟಿಗೆ ಬಾಗಿಲ ಗಂಟೆ ಬಾರಿಸಿತು. ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಆ ಅಜ್ಜಿ ಮೆಟ್ಟಿಲು ಹತ್ತಿ ಬಂದಿದ್ದರು. ‘ಇವತ್ತು ಭಾನುವಾರ ಅಲ್ವಾ, ಗೋಡೆಗೆ ಏನು ಹೊಡೆಯುತ್ತಿದ್ದೀರಿ?’ ಅಂದರು. ನನಗೆ ಬರುತ್ತಿದ್ದ ಜರ್ಮನ್ ಭಾಷೆಯಲ್ಲಿ ರೊಟ್ಟಿಗೆ ಪದವೇ ಸಿಗಲಿಲ್ಲ. ಸುಮ್ನೆ ಒಳಗೆ ಕರೆದು, ಇನ್ನೊಂದು ಉಂಡೆ ತೆಗೆದುಕೊಂಡು ಅವರ ಕಣ್ಣೆದುರೇ ಬಡಿದೆ. ಕೈ ತಿರುಗಿದ ಹಾಗೆ ರೊಟ್ಟಿಯೂ ತಿರುಗುತ್ತಾ ದೊಡ್ಡದಾಗುವುದನ್ನು ಅವರು ಬಾಯಿ ಬಿಟ್ಟುಕೊಂಡು ನೋಡಿದರು. ಬಿಸಿ ರೊಟ್ಟಿಗೆ ಶೇಂಗಾ ಚಟ್ನಿ, ಎಣ್ಣೆ ಹಾಕಿ ಕೊಟ್ಟೆ. ಕಣ್ಣಲ್ಲಿ ನೀರು ಬಂದರೂ ಬಿಡದೆ ಪೂರ್ತಿ ತಿಂದರು. ಹೋಗುವಾಗ ಬಾಗಿಲಲ್ಲಿ ನಿಂತು, ‘ತುಂಬಾ ರುಚಿ. ಆದರೆ ಶನಿವಾರ ಮಾಡಿ’ ಅಂದರು.

ಅಲ್ಲಿ ಭಾನುವಾರ ಅಂದರೆ ಹಾಗೇ. ಅಂಗಡಿ ಬಾಗಿಲು ಹಾಕಿರುತ್ತವೆ, ಡ್ರಿಲ್ ಮಾಡುವ ಹಾಗಿಲ್ಲ, ಖಾಲಿ ಗಾಜಿನ ಬಾಟಲಿಯನ್ನು ಬೀದಿಯ ಡಬ್ಬಿಗೆ ಹಾಕುವ ಹಾಗೂ ಇಲ್ಲ, ಸಪ್ಪಳ ಆಗುತ್ತದೆ ಅಂತ. ಭಾನುವಾರ ವಿಶ್ರಾಂತಿಯ ದಿನ ಅಂತ ಅವರ ಸಂವಿಧಾನದಲ್ಲೇ ಇದೆ. 1919ರಲ್ಲಿ ಬರೆದ ಸಾಲು, 1949ರ ಸಂವಿಧಾನಕ್ಕೂ ಹಾಗೇ ಬಂತು.

ಇದನ್ನು ಕೇಳಿ ಅತ್ತಿ ನಕ್ಕರು. ಅವ್ವ ನಗಲಿಲ್ಲ. ‘ಅದರಾಗೇನೈತಿ? ನಾವು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡ್ತೀವೇನು? ಬಸವಣ್ಣನ ದಿನ ಅಂತ ಬಿಡ್ತೀವಿ. ಅಲ್ಲಿ ಮನುಷ್ಯಾರಿಗೂ ಒಂದಿನ ಇಟ್ಟಾರ’ ಅಂದಳು. ಇಷ್ಟು ವರ್ಷ ಅಲ್ಲಿದ್ದೂ ನನಗೆ ಇದು ಹೊಳೆದಿರಲಿಲ್ಲ.

ಆಮೇಲೆ ಹಲ್ಲಿನ ಡಾಕ್ಟರ ಕತೆ ಹೇಳಿದೆ. ಫೋನಿನಲ್ಲಿ ‘ಹಾಲ್ಬ್ ದ್ರೈ’ಗೆ ಬನ್ನಿ ಅಂದಿದ್ದರು. ಹಾಲ್ಬ್ ಅಂದರೆ ಅರ್ಧ, ದ್ರೈ ಅಂದರೆ ಮೂರು. ಮೂರೂವರೆ ಅಂದುಕೊಂಡು ಹತ್ತು ನಿಮಿಷ ಮೊದಲೇ ಹೋದೆ. ಅವರು ಹೇಳಿದ್ದು ಎರಡೂವರೆಗೆ! ನನ್ನ ಪಾಳಿ ಹೋಗಿತ್ತು, ಹಲ್ಲುನೋವು ಮಾತ್ರ ಹಾಗೇ ಇತ್ತು. ಸ್ಟುಟ್‌ಗಾರ್ಟ್ ಕಡೆ ಇನ್ನೂ ಒಂದು ಹೆಜ್ಜೆ ಮುಂದೆ, ‘ಕಾಲು ಮೂರು’ ಅಂದರೆ ಎರಡೂಕಾಲು.

ಇದಕ್ಕೆ ದೊಡ್ಡವ್ವ ರೊಟ್ಟಿ ತಿರುವಿ ಹಾಕುತ್ತಲೇ ಉತ್ತರ ಕೊಟ್ಟಳು. ‘ಎರಡೂವರಿ ವರ್ಷದ ಕೂಸಿಗೆ ನಾವು ಮೂರರಾಗ ನಡದೈತಿ ಅಂತೀವಲ್ಲೋ ತಮ್ಮಾ, ಹಂಗ. ಮೂರನೇ ತಾಸು ಅರ್ಧ ಮುಗದೈತಿ.’ ಭಾಷೆಯ ಕ್ಲಾಸಿನಲ್ಲಿ ಇದನ್ನು ಎಷ್ಟೋ ಸಲ ಬಾಯಿಪಾಠ ಮಾಡಿದ್ದೆ, ಅರ್ಥ ಆಗಿದ್ದು ಮಾತ್ರ ಆ ಒಲೆ ಮುಂದೆ.

ಬಾಟಲಿ ವಿಷಯಕ್ಕೆ ಕಾಕಾ ಎದ್ದು ಒಳಗೆ ಬಂದರು. ನೀರಿನ ಪ್ಲಾಸ್ಟಿಕ್ ಬಾಟಲಿ ಕೊಂಡಾಗ 25 ಸೆಂಟ್ ಜಾಸ್ತಿ ಕೊಡಬೇಕು, ನಮ್ಮ ಲೆಕ್ಕದಲ್ಲಿ 20 ರೂಪಾಯಿಗೂ ಮೇಲೆ. ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರದ ಬಾಯಿಗೆ ಇಟ್ಟರೆ ಚೀಟಿ ಬರುತ್ತದೆ, ಅದನ್ನು ಕೊಟ್ಟರೆ ದುಡ್ಡು ವಾಪಸ್. 2003ರಿಂದ ಈ ಪದ್ಧತಿ ಇದೆ. ಕೆಲವರು ಖಾಲಿ ಬಾಟಲಿಯನ್ನು ಕಸದ ಡಬ್ಬಿಗೆ ಹಾಕದೆ ಪಕ್ಕದಲ್ಲಿ ನಿಲ್ಲಿಸಿ ಹೋಗುತ್ತಾರೆ, ಬೇಕಾದವರು ಕಸಕ್ಕೆ ಕೈ ಹಾಕದೆ ಎತ್ತಿಕೊಳ್ಳಲಿ ಅಂತ. ಇದು ನನಗೆ ಬಹಳ ಇಷ್ಟ. ಕಾಕಾ ಮಾತ್ರ, ‘ಗೋಲಿ ಸೋಡಾ ಬಾಟ್ಲಿ ಮನಿಗೆ ಒಯ್ಯಬೇಕಂದ್ರ ನಾವೂ ಡಿಪಾಜಿಟ್ ಇಡತಿದ್ವಿ’ ಅಂದು ಮತ್ತೆ ಹೊರಗೆ ಹೋದರು.

ಹೊರಡುವ ದಿನ ಅವ್ವ ಕಡಕ್ ರೊಟ್ಟಿಯ ಎರಡು ಗಂಟು ಕಟ್ಟಿದ್ದಳು. ಒಂದು ನನಗೆ. ಇನ್ನೊಂದು ಸಣ್ಣದು, ಅದರ ಜೊತೆ ಬೇರೆ ಡಬ್ಬಿಯಲ್ಲಿ ಶೇಂಗಾ ಚಟ್ನಿ.

‘ಇದು ಆ ಕೆಳಗಿನ ಮನಿ ಅಜ್ಜಿಗೆ. ಖಾರ ಕಡಿಮಿ ಹಾಕೀನಿ. ಭಾನುವಾರ ತಿನ್ನಾಕ ಹೇಳು ಯಪ್ಪಾ, ಬಡಿಯೋ ಕೆಲಸ ಇಲ್ಲ.’