ಆಷಾಢದಲ್ಲಿ ಬರುತ್ತಿದ್ದ ನಮ್ಮ ಸಂಚಿಕೆ

ನಮ್ಮ ಶಾಲೆಯ ಹಳೇ ಸಂಚಿಕೆಗಳು ಯಾರ ಮನೆಯಲ್ಲಾದರೂ ಉಳಿದಿದ್ದರೆ ಒಮ್ಮೆ ತೆಗೆದು ಮೂಸಿ ನೋಡಿ. ನನ್ನ ಹತ್ತಿರ 1988ರದ್ದು ಒಂದು ಪ್ರತಿ ಇದೆ. ಅದರಲ್ಲಿ ಇವತ್ತಿಗೂ ತೆಳುವಾಗಿ ಹೊಗೆ ವಾಸನೆ ಬರುತ್ತದೆ. ಅದು ಪ್ರೆಸ್ ಮಾವನ ಮನೆಯ ಬಚ್ಚಲೊಲೆ ಹೊಗೆ.

ಊರಿಗೆಲ್ಲ ಅವರು ಪ್ರೆಸ್ ರಾಯರು. ಶಾಲೆಯಿಂದ ಹಸ್ತಪ್ರತಿ ಹಿಡಿದುಕೊಂಡು ಹೋಗುತ್ತಿದ್ದ ನಮಗೆ ಮಾತ್ರ ಪ್ರೆಸ್ ಮಾವ, ಅವರ ಹೆಂಡತಿ ಅತ್ತೆ. ತೀರ್ಥಹಳ್ಳಿ ಪೇಟೆಯಲ್ಲಿ ಮುಂದೆ ಪ್ರೆಸ್ಸು, ಹಿಂದೆ ಮನೆ, ನಡುವೆ ಒಂದು ಬಾಗಿಲು. ಆ ಬಾಗಿಲು ಮುಚ್ಚಿದ್ದನ್ನು ನಾನು ನೋಡಿಲ್ಲ. ಕಳೆದ ವರ್ಷ ಅವರು ತೀರಿಕೊಂಡರು. ಅವರು ನಮ್ಮ ಶಾಲೆಯಲ್ಲಿ ಓದಿದವರಲ್ಲ, ಪಾಠ ಮಾಡಿದವರೂ ಅಲ್ಲ. ಆದರೆ ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ನಮ್ಮೆಲ್ಲರ ಮೊದಲ ಕಥೆ, ಮೊದಲ ಪದ್ಯ ಅಚ್ಚಾಗಿದ್ದು ಅವರ ಕೈಯಲ್ಲೇ. ಈ ಸಂಚಿಕೆಯಲ್ಲಿ ಅವರ ಬಗ್ಗೆ ನಾಲ್ಕು ಮಾತು ಇರಲೇಬೇಕು ಅನ್ನಿಸಿತು.

ಹೊಗೆ ವಾಸನೆಯ ಕಾರಣ ಹೇಳುತ್ತೇನೆ. ನಮ್ಮ ಮಳೆಗಾಲ ಗೊತ್ತಲ್ಲ. ಜೂನ್‌ನಲ್ಲಿ ಹಿಡಿದ ಮಳೆ, ಹೊಳೆ ನಡುವಿನ ರಾಮಮಂಟಪ ಮುಳುಗಿತಂತೆ ಅಂತ ಜನ ತುಂಗೆ ನೋಡಲು ಓಡುವ ಹೊತ್ತಿಗೆ ಮನೆಯೊಳಗಿನ ಗೋಡೆಯೂ ಬೆವರುತ್ತದೆ. ಕಾಗದಕ್ಕೆ ಥಂಡಿ ಹಿಡಿದರೆ ಅಂಚು ಅಲೆ ಅಲೆಯಾಗಿ ಏಳುತ್ತದೆ, ಮಸಿ ಬೇಗ ಒಣಗುವುದಿಲ್ಲ, ಒಂದು ಹಾಳೆಯ ಮಸಿ ಮೇಲಿನ ಹಾಳೆಯ ಬೆನ್ನಿಗೆ ಹತ್ತುತ್ತದೆ. ಅದಕ್ಕೇ ಮಾವ ಮೇ ತಿಂಗಳಲ್ಲೇ ಭದ್ರಾವತಿಯ ಎಂಪಿಎಂ ಕಾರ್ಖಾನೆಯ ಕಾಗದ ತರಿಸಿ, ರೀಮುಗಳನ್ನು ಗೋಣಿತಟ್ಟಿನಲ್ಲಿ ಸುತ್ತಿ ಬಚ್ಚಲೊಲೆಯ ಮೇಲಿನ ಅಟ್ಟಕ್ಕೆ ಏರಿಸುತ್ತಿದ್ದರು. ಬೇರೆ ಮನೆಗಳಲ್ಲಿ ಬೀಜದ ಭತ್ತ, ಕಾಳುಮೆಣಸು ಇಡುವ ಜಾಗ ಅದು. ಇವರ ಮನೆಯಲ್ಲಿ ಅಲ್ಲಿ ಕಾಗದ.

ಹಾಗಾದರೆ ಸಂಚಿಕೆಯನ್ನು ಬೇಸಿಗೆಯಲ್ಲೇ ಮಾಡಬಹುದಿತ್ತಲ್ಲ ಅಂತ ಕೇಳಬಹುದು. ಬೇಸಿಗೆ ಅಂದರೆ ಮದುವೆ ಕಾಲ. ಏಪ್ರಿಲ್, ಮೇ ಎರಡು ತಿಂಗಳು ಅವರಿಗೆ ಲಗ್ನಪತ್ರಿಕೆ ಬಿಟ್ಟು ಬೇರೆ ಕೆಲಸಕ್ಕೆ ಬಿಡುವೇ ಇರುತ್ತಿರಲಿಲ್ಲ. ನಮ್ಮ ಮೇಷ್ಟ್ರ ಕೈಯಲ್ಲಿ ದುಡ್ಡು ಕಡಿಮೆ. ಮಾವ ಒಂದು ದಾರಿ ಹೇಳಿದರು. "ಆಷಾಢದಲ್ಲಿ ಮದುವೆ ಇಲ್ಲ ಮೇಷ್ಟ್ರೇ, ಮೆಷಿನ್ ಸುಮ್ನೆ ಕೂತಿರತ್ತೆ. ಆಗ ಕೊಡಿ, ಕಾಗದ ಮಸಿ ಖರ್ಚು ಹುಟ್ಟಿದರೆ ಸಾಕು." ಹಾಗೆ ನಮ್ಮ ಸಂಚಿಕೆ ಪ್ರತಿ ವರ್ಷ ಜಡಿಮಳೆಯಲ್ಲಿ, ಪ್ಲಾಸ್ಟಿಕ್ ಕೊಪ್ಪೆ ಹೊದ್ದುಕೊಂಡು ಶಾಲೆಗೆ ಬರುತ್ತಿತ್ತು.

ಮೊದಲ ಸಲ ಆ ಪ್ರೆಸ್ಸಿನೊಳಗೆ ಹೋದಾಗ ನಾನು ಒಂಬತ್ತನೇ ಕ್ಲಾಸು. ಸೀಮೆಎಣ್ಣೆ ಮತ್ತು ಮಸಿ ವಾಸನೆ. ಗೋಡೆಯುದ್ದಕ್ಕೂ ಅಚ್ಚುಮೊಳೆಗಳ ಕೇಸುಗಳು, ಅಂದರೆ ಸಣ್ಣ ಸಣ್ಣ ಮನೆಗಳಿರುವ ಪೆಟ್ಟಿಗೆಗಳು. ಇಂಗ್ಲಿಷ್ ಆದರೆ ಒಂದೆರಡು ಕೇಸಲ್ಲಿ ಮುಗಿಯುತ್ತದೆ, ಕನ್ನಡಕ್ಕೆ ಕಾಗುಣಿತ, ಒತ್ತು ಎಲ್ಲ ಬೇರೆ ಬೇರೆ ಮನೆಗಳಲ್ಲಿ ಇರಬೇಕು. ಸೀಸದ ಆ ಮೊಳೆಗಳ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ. ಮಾವನ ಸಣ್ಣ ಮಗಳು ಮೂರನೇ ಕ್ಲಾಸಿಗೇ ಅದನ್ನು ಸರಾಗವಾಗಿ ಓದುತ್ತಿದ್ದಳು. ಮೊಳೆ ಎಷ್ಟಿದೆಯೋ ಅಷ್ಟೇ ಪುಟ ಜೋಡಿಸಬಹುದು. ಎಂಟು ಪುಟ ಅಚ್ಚು ಮಾಡಿ, ಮೊಳೆಗಳನ್ನು ತೊಳೆದು, ಒಂದೊಂದನ್ನೂ ಅದರದ್ದೇ ಮನೆಗೆ ಹಾಕಿದ ಮೇಲೆ ಮುಂದಿನ ಎಂಟು ಪುಟ. ಯಾವಾಗಲೂ ಮೊದಲು ಖಾಲಿ ಆಗುತ್ತಿದ್ದದ್ದು ಳ ಒತ್ತು. ನಮ್ಮ ಕಡೆ ಎಲ್ಲ ಊರೂ ಹಳ್ಳಿ ತಾನೆ.

ಪ್ರೂಫ್ ನೋಡುವವರು ಅತ್ತೆ. ಅವರು ಓದಿದ್ದು ನಾಲ್ಕನೇ ಕ್ಲಾಸು. ಮಾವ ಮೊಳೆ ಜೋಡಿಸಿಟ್ಟ ತಟ್ಟೆ, ಅಂದರೆ ಗ್ಯಾಲಿಯಿಂದ ಒಂದು ಪ್ರತಿ ತೆಗೆದು ಆ ಬಾಗಿಲಿನಿಂದಲೇ "ಇವಳೇ, ಇದೊಂದು ನೋಡು" ಅನ್ನುತ್ತಿದ್ದರು. ಅತ್ತೆ ಒಲೆ ಮುಂದೆ ಕೂತು, ಕೆಂಪು ಪೆನ್ನು ಹಿಡಿದು ಓದುತ್ತಿದ್ದರು. ಬರೀ ಕಾಗುಣಿತ ಅಲ್ಲ. ನನ್ನ ಸಹಪಾಠಿಯ ಒಂದು ಪ್ರಬಂಧದ ಪಕ್ಕ "ಇದು ಅರ್ಥ ಆಗಲಿಲ್ಲ" ಅಂತ ಬರೆದಿದ್ದರು. ಮಾವ ಅದನ್ನು ಹಾಗೇ ನಮ್ಮ ಕೈಗೆ ಕೊಟ್ಟು, "ಅವಳಿಗೆ ಅರ್ಥ ಆಗದಿದ್ದರೆ ಊರಿಗೂ ಆಗಲ್ಲ ಮಾರಾಯ, ತಿದ್ದಿಕೊಂಡು ಬಾ" ಅಂದರು. ಬರೆಯುವುದರ ಬಗ್ಗೆ ನನಗೆ ಸಿಕ್ಕ ದೊಡ್ಡ ಪಾಠ ಅದೇ.

ಈಗ ಆ 1988ರ ಸಂಚಿಕೆಯಲ್ಲಿ ಆದ ಒಂದು ತಪ್ಪಿನ ವಿಷಯ. ವಿದ್ಯಾರ್ಥಿ ಸಂಪಾದಕ ನಾನು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳ ಪದ್ಯ ನನ್ನ ಚೀಲದಲ್ಲೇ ಉಳಿದುಹೋಗಿತ್ತು. ಎಲ್ಲ ಅಚ್ಚಾಗಿ, ಹೊಲಿಗೆ ಹಾಕಿ, 400 ಪ್ರತಿ ಕಟ್ಟಿ ಇಟ್ಟ ಮೇಲೆ ಗೊತ್ತಾಯಿತು. ಮಾರನೇ ದಿನ ಬೆಳಿಗ್ಗೆ ಶಾಲೆಗೆ ಕೊಡಬೇಕು. ಅಳುತ್ತಾ ಪ್ರೆಸ್ಸಿಗೆ ಹೋದೆ. ಮಾವ ಬೈಯಲಿಲ್ಲ. ಪದ್ಯ ಇಸಕೊಂಡು ಓದಿದರು. "ಹದಿನಾರು ಸಾಲು. ಚಿಕ್ಕ ಚೀಟಿ ಸಾಕು" ಅಂದರು. ಸಂಜೆ ಕರೆಂಟು ಹೋಗಿತ್ತು. ಟ್ರೆಡಲ್ ಮೆಷಿನ್ ಕಾಲಲ್ಲಿ ತುಳಿಯುವಂಥದ್ದು, ಲಾಟೀನು ಹಚ್ಚಿಕೊಂಡು ತುಳಿದರು. ಏಳೂವರೆಗೆ ನಿಲ್ಲಿಸಿ ಕೈ ತೊಳೆದು ಊಟಕ್ಕೆ ಕೂತರು. ಎಷ್ಟೇ ಕೆಲಸ ಇದ್ದರೂ ರಾತ್ರಿ ಊಟ ಹೆಂಡತಿ ಮಕ್ಕಳು, ಮುದುಕಿ ತಾಯಿ ಎಲ್ಲರ ಜೊತೆಗೇ, ಮದುವೆ ಕಾಲದಲ್ಲೂ ಅದು ತಪ್ಪಿದ್ದಿಲ್ಲ. ನನಗೂ ಬಾಳೆಲೆ ಹಾಕಿದರು. ಊಟ ಆದ ಮೇಲೆ ಅತ್ತೆ ಮೈದಾ ಅಂಟು ಕಾಸಿದರು. ಅಜ್ಜಿ, ಇಬ್ಬರು ಹೆಣ್ಣುಮಕ್ಕಳು, ಮೊಳೆ ಜೋಡಿಸುವ ಕಂಪೋಸಿಟರ್ ಅಣ್ಣ, ನಾನು, ಎಲ್ಲ ಸಾಲಾಗಿ ಕೂತೆವು. ಒಬ್ಬರು ಪುಟ ಬಿಡಿಸುವುದು, ಒಬ್ಬರು ಅಂಟು ಸವರುವುದು, ಒಬ್ಬರು ಚೀಟಿ ಒತ್ತುವುದು. ಅಜ್ಜಿ ಒಂದು ಚೀಟಿಯೂ ಸೊಟ್ಟ ಆಗಲು ಬಿಡಲಿಲ್ಲ. 400 ಮುಗಿದಾಗ ಎಷ್ಟು ಗಂಟೆಯೋ, ಹೊರಗೆ ಮಳೆ ಮಾತ್ರ ಇತ್ತು. ಇದರ ಖರ್ಚು ಅಂತ ಅವರು ಶಾಲೆಗೆ ಒಂದು ಪೈಸೆಯ ಬಿಲ್ಲೂ ಹಾಕಲಿಲ್ಲ, ತಪ್ಪು ಯಾರದು ಅಂತ ಮೇಷ್ಟ್ರಿಗೆ ಹೇಳಲೂ ಇಲ್ಲ. ಇವತ್ತು ನಾನು ಹೇಳುತ್ತಿದ್ದೇನೆ. ಆ ಪ್ರತಿ ಇದ್ದವರು ನೋಡಿ, ನಡುವಿನ ಪುಟದಲ್ಲಿ ಅಂಟಿಸಿದ ಚೀಟಿ ಇದೆ.

ಇನ್ನೊಂದು. ನಮ್ಮ ಅರ್ಧವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಅಚ್ಚಾಗುತ್ತಿದ್ದದ್ದೂ ಅಲ್ಲೇ. ದೊಡ್ಡ ಮಗಳು ನಮ್ಮ ಶಾಲೆಯಲ್ಲೇ, ನನಗಿಂತ ಒಂದು ಕ್ಲಾಸು ಕೆಳಗೆ. ಪ್ರಶ್ನೆಪತ್ರಿಕೆ ಜೋಡಿಸಲು ಶುರು ಮಾಡುವ ಹಿಂದಿನ ದಿನವೇ ಅವಳನ್ನು ಕೊಪ್ಪದ ಅಜ್ಜನ ಮನೆಗೆ ಬಸ್ಸು ಹತ್ತಿಸಿ ಬಿಡುತ್ತಿದ್ದರು. ಪರೀಕ್ಷೆಯ ದಿನ ಬೆಳಿಗ್ಗೆ ಬಸ್ಸಿಗೆ ನೇರ ಶಾಲೆಗೆ. ಅವಳ ಮೇಲೆ ಅನುಮಾನ ಇತ್ತು ಅಂತಲ್ಲ. ಒಳ್ಳೆ ಮಾರ್ಕು ತೆಗೆದಾಗ ಮಗಳ ಮೇಲೆ ಯಾರೂ ಒಂದು ಮಾತು ಆಡಬಾರದು ಅಂತ.

ದುಡಿಮೆ ಸುಲಭದ್ದಾಗಿರಲಿಲ್ಲ. ಶಿವಮೊಗ್ಗದ ಒಂದು ಪ್ರೆಸ್ಸಿನಲ್ಲಿ ಕೆಲಸ ಕಲಿತು, 1974ರಲ್ಲಿ ಬ್ಯಾಂಕ್ ಸಾಲ ಮಾಡಿ ಸ್ವಂತ ಮೆಷಿನ್ ತಂದವರು. ಅಡಿಕೆ ಮಂಡಿಯ ಬಿಲ್ ಪುಸ್ತಕ, ಯಕ್ಷಗಾನ ಆಟದ ಕರಪತ್ರ, ಎಳ್ಳಮಾವಾಸ್ಯೆ ಜಾತ್ರೆಯ ರಸೀದಿ, ಇಂಥವು ಅವರ ಕೆಲಸ. ಅರ್ಧಕ್ಕರ್ಧ ಜನ ಕಡ ಹೇಳುವವರೇ. "ಅಡಿಕೆ ಕೊಟ್ಟ ಮೇಲೆ ಕೊಡ್ತೇನೆ" ಅನ್ನುವ ಮಾತು ನಮ್ಮ ಕಡೆ ಎಲ್ಲ ಅಂಗಡಿಯವರಿಗೂ ಗೊತ್ತು. ಕೊಯ್ಲು ಮುಗಿದು, ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹೋಗಿ ದುಡ್ಡು ಬರುವವರೆಗೆ ಕಾಯಬೇಕು. ಮಾವ ಕಾಯುತ್ತಿದ್ದರು. ಆದರೆ ಕಂಪೋಸಿಟರ್ ಅಣ್ಣನ ಸಂಬಳಕ್ಕೆ ಮಾತ್ರ ಯಾವತ್ತೂ ಒಂದನೇ ತಾರೀಕು ದಾಟಲಿಲ್ಲ.

ಶಿವಮೊಗ್ಗದಲ್ಲಿ ದೊಡ್ಡ ಪ್ರೆಸ್ಸು ಹಾಕೋಣ, ಪಾಲುದಾರರಾಗಿ ಅಂತ ಕರೆದವರಿದ್ದರು. ಒಪ್ಪಲಿಲ್ಲ. ಮಧ್ಯಾಹ್ನ ತಾಯಿಗೆ ತಾನೇ ಊಟ ಬಡಿಸಬೇಕು, ಅಷ್ಟೇ ಕಾರಣ. ಇದನ್ನು ಧೈರ್ಯ ಇಲ್ಲ ಅಂದುಕೊಂಡವರು ಅವರನ್ನು ಸರಿಯಾಗಿ ನೋಡಿಲ್ಲ. 1998ರಲ್ಲಿ, ಐವತ್ತು ದಾಟಿದ ಮೇಲೆ, ಮತ್ತೆ ಸಾಲ ಮಾಡಿ ಕಂಪ್ಯೂಟರ್ ತಂದರು, ಆಮೇಲೆ ಆಫ್‌ಸೆಟ್ ಮೆಷಿನ್. ಮೊಳೆಗಳೆಲ್ಲ ತೂಕದ ಲೆಕ್ಕದಲ್ಲಿ ಹೋದವು. ಕಂಪೋಸಿಟರ್ ಅಣ್ಣ ಮಾತ್ರ ಹೋಗಲಿಲ್ಲ. ದೊಡ್ಡ ಮಗಳು ಶಿವಮೊಗ್ಗದಲ್ಲಿ ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಡಿಟಿಪಿ ಕಲಿತು ಬಂದು, ಇಪ್ಪತ್ತು ವರ್ಷ ಮೊಳೆ ಹೆಕ್ಕಿದ ಆ ಬೆರಳುಗಳಿಗೆ ಕೀಬೋರ್ಡ್ ಕಲಿಸಿದಳು. ಟ್ರೆಡಲ್ ಕೂಡ ಉಳಿಯಿತು. ಬಿಲ್ ಪುಸ್ತಕಕ್ಕೆ ನಂಬರ್ ಹಾಕಲು, ಹಾಳೆ ಹರಿಯಲು ಸಾಲು ತೂತು ಹೊಡೆಯಲು ಇವತ್ತಿಗೂ ಅದೇ.

ಕಳೆದ ತಿಂಗಳು ಹೋಗಿದ್ದೆ. ಪ್ರೆಸ್ಸು ಈಗ ದೊಡ್ಡ ಮಗಳದ್ದು. ನಡುವಿನ ಬಾಗಿಲು ತೆರೆದೇ ಇದೆ. ಏಳೂವರೆಗೆ ಅವಳು ಮೆಷಿನ್ ನಿಲ್ಲಿಸಿ ಒಳಗೆ ನಡೆದಳು, ನಾನೂ ಹಿಂದೆ ಹೋದೆ. ಅತ್ತೆಗೆ ಒಂದು ಕಣ್ಣಿನ ಪೊರೆ ತೆಗೆಸಿದ್ದಾರೆ, ಇನ್ನೊಂದು ಆಗಬೇಕು. ಅಕ್ಷರ ದೊಡ್ಡದು ಮಾಡಿ ಪ್ರಿಂಟ್ ಕೊಟ್ಟರೆ ಓದುತ್ತಾರಂತೆ. ಈ ಬರಹವನ್ನು ಹಾಗೇ ದೊಡ್ಡಕ್ಷರದಲ್ಲಿ ತೆಗೆಸಿ, ಒಂದು ಕೆಂಪು ಪೆನ್ನಿನ ಜೊತೆ ಮೊದಲು ಅವರಿಗೇ ಕೊಟ್ಟುಬಂದಿದ್ದೇನೆ.