ಮೊದಲ ರಾಜನನ್ನು ನಾನು ತಿದ್ದಿ ಕೆಡಿಸಿದ್ದು

ಕರಡು ತಿದ್ದುವ ಕೆಲಸಕ್ಕೆ ಸೇರಿ ಆಗಿನ್ನೂ ಎರಡನೇ ವರ್ಷ. ಮಕ್ಕಳಿಗಾಗಿ ಬರೆದ ಪರ್ಷಿಯಾದ ಪುರಾಣಕಥೆಗಳ ಪುಸ್ತಕವೊಂದು ನನ್ನ ಪಾಲಿಗೆ ಬಂತು. ಬರೆದವರು ನಿವೃತ್ತ ಮೇಷ್ಟ್ರು. ಒಂದನೇ ಅಧ್ಯಾಯದಲ್ಲಿ ಮೊದಲ ರಾಜ ಹೋಶಂಗ್ ಎಂದಿತ್ತು. ಮೂರನೆಯದರಲ್ಲಿ ಕಯೂಮರ್ಸ್!

ಮೇಷ್ಟ್ರಿಗೆ ಮರೆವು ಅಂದುಕೊಂಡೆ. 1010ರಲ್ಲಿ ಕವಿ ಫಿರ್ದೌಸಿ ಮುಗಿಸಿದ, ಪರ್ಷಿಯಾದ ರಾಜರ ಕಥೆ ಹೇಳುವ ಮಹಾಕಾವ್ಯ ಶಾನಾಮೆಯಲ್ಲಿ ಹುಡುಕಿದೆ. ಕಯೂಮರ್ಸನೇ ಮೊದಲಿಗ. ಬೆಟ್ಟದಲ್ಲಿ ವಾಸ, ಚಿರತೆ ಚರ್ಮದ ಉಡುಗೆ, 30 ವರ್ಷದ ಆಳ್ವಿಕೆ. ಮಗ ಸಿಯಾಮಕ್‌ನನ್ನು ಕರಿ ದೆವ್ವ ಕೊಲ್ಲುತ್ತದೆ. ಸೇಡು ತೀರಿಸಿಕೊಂಡು ಪಟ್ಟಕ್ಕೇರುವವನು ಮೊಮ್ಮಗ ಹೋಶಂಗ್. ಹಾವಿಗೆ ಬೀಸಿದ ಕಲ್ಲು ಬಂಡೆಗೆ ಬಡಿದು ಕಿಡಿ ಹಾರಿ, ಜನಕ್ಕೆ ಬೆಂಕಿ ಸಿಕ್ಕಿದ್ದು ಇವನಿಂದಲೇ. ಮೊಮ್ಮಗ ಮೊದಲ ರಾಜ ಆಗೋದು ಹೇಗೆ? ಒಂದನೇ ಅಧ್ಯಾಯದಲ್ಲೂ ಕಯೂಮರ್ಸ್ ಎಂದು ತಿದ್ದಿದೆ. ಒಂದು ಫೋನ್ ಮಾಡಲಿಲ್ಲ.

ಮೊದಲ ಫಾರಂ, ಅಂದರೆ ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚಾಗುವ ಪುಟಗಳ ಕಂತು, ಅಚ್ಚಾದ ಮೇಲೆ ಮೇಷ್ಟ್ರು ನೋಡಿದರು. ಬೈಯಲಿಲ್ಲ. "ಒಂದನೇ ಅಧ್ಯಾಯ ಯಾವ ಗ್ರಂಥದ್ದು ಅಂತ ಓದಿದ್ರೇನಮ್ಮಾ?" ಎಂದರು, ಅಷ್ಟೇ.

ಅದು ಪಾರ್ಸಿಗಳ ಧರ್ಮಗ್ರಂಥ ಅವೆಸ್ತಾದ್ದು, ಶಾನಾಮೆಗಿಂತ ಎಷ್ಟೋ ಹಳೆಯದು. ಅಲ್ಲಿ ಕಯೂಮರ್ಸನ ಹೆಸರು ಗಯ ಮರೆತನ್. ಗಯ ಅಂದರೆ ಜೀವ. ಮರೆತನ್ ನಮ್ಮ 'ಮರ್ತ್ಯ'ದ ನೆಂಟ. ಅವನು ಮೊದಲ ಮನುಷ್ಯ, ರಾಜನಲ್ಲ. ಅಲ್ಲಿ ರಾಜರ ಸಾಲು ಶುರುವಾಗುವುದೇ ಹೋಶಂಗ್‌ನಿಂದ. ಅವನ ಬಿರುದು ಪರಧಾತ, ಅಂದರೆ ಮೊದಲಿಗೆ ಇಡಲ್ಪಟ್ಟವನು. ಪಿಶ್ದಾದಿ ಎಂಬ ವಂಶದ ಹೆಸರು ಬಂದದ್ದೂ ಇದರಿಂದಲೇ. ಮೊದಲ ಮನುಷ್ಯನಿಗೆ ಕಿರೀಟ ತೊಡಿಸಿದ್ದು ಆಮೇಲಿನವರು. ಮೇಷ್ಟ್ರು ಎರಡನ್ನೂ ಬೇಕೆಂದೇ ಇಟ್ಟಿದ್ದರು. ನಾನು ಸುಮ್ನೆ ಕಲಸಿಬಿಟ್ಟಿದ್ದೆ.

ಆ ಫಾರಂ ಮತ್ತೆ ಅಚ್ಚಾಯಿತು. ಕಾಗದದ ಖರ್ಚು ಕೇಳಿ ಮಾಲೀಕರ ಮುಖ ಹೇಗಾಯಿತು ಅಂತ ಹೇಳೋದು ಬೇಡ.

ಐದನೇ ಅಧ್ಯಾಯ ಜಮ್‌ಶೀದನದು. ಶಾನಾಮೆಯಲ್ಲಿ ಅವನದು 700 ವರ್ಷದ ಆಳ್ವಿಕೆ, ಹೊಸ ವರ್ಷದ ನೌರೋಜ್ ಹಬ್ಬ ಶುರು ಮಾಡಿದವನೂ ಅವನೇ. ಮೇಷ್ಟ್ರು ಬರೆದಿದ್ದರು: "ಈ ಜಮ್ ನಮ್ಮ ಜವರಾಯನ ಬಂಧು." ಕೈ ತುರಿಸಿತು. ಸಾವಿನ ದೇವರಿಗೂ ಹಬ್ಬದ ರಾಜನಿಗೂ ಏನು ಸಂಬಂಧ? ಈ ಸಲ ಕೆಂಪು ಪೆನ್ನು ಕೆಳಗಿಟ್ಟೆ, ಅಂಚಿನಲ್ಲಿ ಪೆನ್ಸಿಲ್‌ನಿಂದ ಪ್ರಶ್ನೆ ಚಿಹ್ನೆ ಹಾಕಿ ಫೋನ್ ಮಾಡಿದೆ.

ಮೇಷ್ಟ್ರು ನಕ್ಕರು. ಅವೆಸ್ತಾದಲ್ಲಿ ಅವನು ವಿವಂಹ್ವಂತನ ಮಗ ಯಿಮ. ವೇದದಲ್ಲಿ ವಿವಸ್ವಂತನ ಮಗ ಯಮ. ಅಲ್ಲಿ ಯಿಮ ಜಮ್ ಆದ, ಇಲ್ಲಿ ಯಮ ಜವ ಆದ. ಯಿಮ ಆಳುವಾಗ ಮುಪ್ಪೂ ಇರಲಿಲ್ಲ, ಸಾವೂ ಇರಲಿಲ್ಲವಂತೆ.

ರಬ್ಬರ್ ತೆಗೆದುಕೊಂಡು ಪ್ರಶ್ನೆ ಚಿಹ್ನೆ ಅಳಿಸಿದೆ.